ಲಕ್ಷ್ಮೀಶನಿಗೆ ಬೀಗ ಹಾಕಬೇಡ

ಹಾಸನ

ಪ್ರೀತಿಯ ತಂಗೀ,

ನಿನ್ನ ಹಸ್ತಪ್ರತಿಯನ್ನೂ ಅದರ ಮೇಲಿಟ್ಟ ಚೀಟಿಯನ್ನೂ ಓದಿದೆ. ಲಕ್ಷ್ಮೀಶನ ‘ಜೈಮಿನಿ ಭಾರತ’ದ ಪದ್ಯಗಳನ್ನು ತೆಗೆದುಕೊಂಡ ಪುಸ್ತಕದಲ್ಲಿ ‘ಎಲ್ಲ ಹಕ್ಕುಗಳನ್ನು ಕಾದಿರಿಸಿದೆ’ ಎಂಬುದು ಕಂಡು ಕೆಲಸವನ್ನೇ ನಿಲ್ಲಿಸಿದ್ದೀಯ. ನಿಲ್ಲಿಸಬೇಡ ಕಣಮ್ಮ. ಚಂದ್ರಹಾಸನ ಕಥೆಯನ್ನು ಇಷ್ಟು ತಿಳಿಯಾಗಿ ಹೇಳುವ ಗದ್ಯ ಸುಲಭಕ್ಕೆ ಸಿಗುವುದಿಲ್ಲ. ಅಧ್ಯಾಯ ಎಲ್ಲಿ ಮುರಿಯಬೇಕು, ಯಾರಿಗೆ ಕಳಿಸಬೇಕು, ಅವೆಲ್ಲ ನಿನಗೇ ಹೊಳೆಯುತ್ತವೆ. ನನ್ನ ಮಾತು ಆ ಹಕ್ಕಿನ ಪುಟದ್ದು.

ಲಕ್ಷ್ಮೀಶ ನಿಮ್ಮ ಕಡೂರು ತಾಲ್ಲೂಕಿನ ದೇವನೂರಿನವನೆಂದು ನಾವೆಲ್ಲ ಹೆಮ್ಮೆಪಡುತ್ತೇವೆ. ಅವನ ಪದ್ಯ ಎಲ್ಲರದು. ಬದುಕಿದ್ದಾಗ ಪ್ರಕಟಿಸಿದ ಬರಹಕ್ಕೆ, ಲೇಖಕರು ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷ ಎಣಿಸುತ್ತದೆ ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆ. 1963ರಲ್ಲಿ ಹೋದ ಗೋವಿಂದ ಪೈ, ತ್ರಿವೇಣಿ ಇಬ್ಬರ ಪುಸ್ತಕಗಳೂ 2024ರ ಜನವರಿ 1ಕ್ಕೆ ಮುಕ್ತವಾದವು. 1991ರಲ್ಲಿ ಹೋದ ನಮ್ಮ ಗೊರೂರರಿಗಾಗಿ 2052ರವರೆಗೆ ಕಾಯಬೇಕು.

ಹಾಗಾದರೆ ಆ ಪುಸ್ತಕದಲ್ಲಿ ಕಾದಿರಿಸಿದ್ದು ಏನು? ಸಂಪಾದಕರ ಪೀಠಿಕೆ, ಟಿಪ್ಪಣಿ, ಗದ್ಯಾನುವಾದ. ಅದು ಅವರ ದುಡಿಮೆ. ನಿನ್ನ ಕೊನೆಯ ಅರ್ಥಕೋಶ ಅಲ್ಲಿಂದಲೇ ಇಳಿದಂತಿದೆ; ತೆಗೆದುಹಾಕಿ ನೀನೇ ಮಾಡು, ಸೋಮಾರಿತನ ಬೇಡ. ಓಲೆಗರಿಗಳನ್ನು ಹೋಲಿಸಿ ಅವರು ಆರಿಸಿದ ಪಾಠದ ಬಗ್ಗೆಯೂ ತಕರಾರು ಏಳಬಹುದು. ಅದಕ್ಕೇ ಸಂಪಾದಕರು ಹೋಗಿ 60 ವರ್ಷ ದಾಟಿದ ಹಳೆಯ ಮುದ್ರಣವನ್ನು ಹಿಡಿ. ಹಾಗೇ ಮರುಮುದ್ರಿಸಿದ ಮಾತ್ರಕ್ಕೆ ಹೊಸ ಹಕ್ಕು ಹುಟ್ಟುವುದಿಲ್ಲ. ಶತಮಾನಗಳ ಹಿಂದಿನ ಕವಿಯ ಮೇಲೆ ತಮ್ಮ ಮುದ್ರೆ ಒತ್ತುವ ಪ್ರಕಾಶಕರ ಮೇಲೆ ನನಗೆ ಹಳೆಯ ಸಿಟ್ಟಿದೆ. ಆ ಒಂದು ಸಾಲಿಗೆ ಹೆದರಿ ಎಷ್ಟು ಮಕ್ಕಳು ನಿನ್ನಂತೆ ಕೈಬಿಟ್ಟರೋ!

ಮುಖಪುಟಕ್ಕೆ ಇಂಟರ್ನೆಟ್ಟಿನಿಂದ ಇಳಿಸಿದ ಬೇಲೂರಿನ ಮದನಿಕೆಯೂ ಬೇಡ. ಶಿಲ್ಪ ಎಲ್ಲರದು, ಫೋಟೋ ತೆಗೆದವರದು.

ಹಳೆಯ ಮುದ್ರಣವನ್ನು ಸ್ಕ್ಯಾನ್ ಮಾಡಿ ಪದ್ಯಗಳನ್ನು ಮತ್ತೆ ಸಿದ್ಧಮಾಡುವಾಗ 300ಕ್ಕಿಂತ ಕಡಿಮೆ ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಎಂಬ ಲೆಕ್ಕ) ಬೇಡ. ಹಳೆಯ ಅಚ್ಚಿಗೆ 400 ಇಡು. ಬರಿಯ ಕಪ್ಪು-ಬಿಳುಪಿನಲ್ಲಿ ಸಣ್ಣ ಒತ್ತುಗಳು ಅಳಿಸಿಹೋಗುತ್ತವೆ, ಬೂದು ಛಾಯೆಯಲ್ಲೇ ಸ್ಕ್ಯಾನ್ ಮಾಡು. ಆಮೇಲೆ ಚಿತ್ರದಿಂದ ಅಕ್ಷರ ಓದುವ ಓಸಿಆರ್ ತಂತ್ರಾಂಶ ತಪ್ಪುಮಾಡುತ್ತದೆ, ಆದರೆ ಲಕ್ಷ್ಮೀಶನ ಆರು ಸಾಲಿನ ಛಂದಸ್ಸಾದ ವಾರ್ಧಕ ಷಟ್ಪದಿಯೇ ನಿನಗೆ ಕರಡು ತಿದ್ದಿಕೊಡುತ್ತದೆ. 1, 2, 4, 5ನೇ ಸಾಲುಗಳಲ್ಲಿ ಐದು ಮಾತ್ರೆಯ ನಾಲ್ಕು ಗಣ, ಒಟ್ಟು 20. 3 ಮತ್ತು 6ರಲ್ಲಿ ಆರು ಗಣ, ಮೇಲೊಂದು ಗುರು, ಒಟ್ಟು 32. ಒತ್ತು ಬಿದ್ದುಹೋದರೆ ಹಿಂದಿನ ಲಘುಸ್ವರ ಗುರುವಾಗದೆ ಉಳಿದು ಸಾಲು 19ಕ್ಕೆ ನಿಲ್ಲುತ್ತದೆ, ಅಲ್ಲಿ ಹುಡುಕು. ಎರಡನೆಯ ಅಕ್ಷರ ಕೆಟ್ಟಿದ್ದರೆ, ಎಲ್ಲ ಸಾಲುಗಳಲ್ಲೂ ಆ ಜಾಗದ ವ್ಯಂಜನ ಒಂದೇ ಇರಬೇಕೆನ್ನುವ ಆದಿಪ್ರಾಸ ಹೇಳುತ್ತದೆ. ಆದರೆ ನಡುವೆ ಎಲ್ಲೋ ಪ ಹೋಗಿ ವ ಬಂದರೆ ಮಾತ್ರೆ ಕೆಡುವುದಿಲ್ಲ. ಅದಕ್ಕೆ ಇನ್ನೊಬ್ಬರ ಕಣ್ಣು ಬೇಕು. ಮುಕ್ತ ಪುಸ್ತಕಗಳ ಇಂಟರ್ನೆಟ್ ಭಂಡಾರವಾದ ವಿಕಿಸೋರ್ಸ್‌ನಲ್ಲಿ ಒಬ್ಬರು ತಿದ್ದಿದ ಪುಟವನ್ನು ಇನ್ನೊಬ್ಬರು ನೋಡಿದ ಮೇಲೇ ಪೂರ್ಣ ಎನ್ನುವುದು ಇದಕ್ಕಾಗಿ. ಎಲ್ಲವೂ ಯೂನಿಕೋಡ್‌ನಲ್ಲಿರಲಿ. ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪಿಸಿ ಪಿಡಿಎಫ್ ಮಾಡಿದರೆ ಹುಡುಕಿದವರಿಗೆ ಒಂದು ಪದವೂ ಸಿಗದು. ಅಂಥದ್ದನ್ನು ಇಂಟರ್ನೆಟ್ಟಿಗೆ ಏರಿಸಿಯೂ ಪ್ರಯೋಜನವಿಲ್ಲ.

ಇನ್ನು ನಿನ್ನ ಗದ್ಯ. ಅದು ನಿನ್ನದೇ, ಏನು ಬೇಕಾದರೂ ಮಾಡು. ಆದರೂ ಕೇಳುತ್ತೇನೆ: ಎಲ್ಲರ ಕಾವ್ಯದಿಂದ ಹುಟ್ಟಿದ್ದಕ್ಕೆ ‘ಎಲ್ಲ ಹಕ್ಕುಗಳನ್ನು ಕಾದಿರಿಸಿದೆ’ ಎಂಬಷ್ಟು ದೊಡ್ಡ ಬೀಗ ಯಾಕೆ? ನಿರಂಜನರ ಪುಸ್ತಕಗಳನ್ನು ಅವರ ಮನೆಯವರು 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟರು. ಕಾಯ್ದೆಯ ಲೆಕ್ಕದಲ್ಲಿ 2053ರವರೆಗೆ ಕಾಯಬೇಕಿತ್ತು. ನೀನೂ ‘ಬಿವೈ-ಎಸ್‌ಎ’ ಆರಿಸಿಕೊ: ಹೆಸರು ಹೇಳಬೇಕು, ತಿದ್ದಿ ಹಂಚಿದರೆ ಅದನ್ನೂ ಇದೇ ಷರತ್ತಿನಲ್ಲಿ ಕೊಡಬೇಕು. ‘ವಾಣಿಜ್ಯೇತರ’ ಎಂದು ಸೇರಿಸಿದರೆ ವಿಕಿಸೋರ್ಸ್ ತೆಗೆದುಕೊಳ್ಳುವುದಿಲ್ಲ, ಟಿಕೆಟ್ ಇಟ್ಟು ಆಡುವ ಮೇಳಕ್ಕೂ ದಕ್ಕುವುದಿಲ್ಲ. ಒಮ್ಮೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲಾಗದು, ಯೋಚಿಸಿ ಕೊಡು.

ಹಕ್ಕಿನ ಪುಟದಲ್ಲಿ ಮೂರು ಸಾಲು ಬರೆ: ಪದ್ಯಗಳು ಮುಕ್ತ; ಅವು ಯಾವ ಮುದ್ರಣದಿಂದ, ಯಾವ ಇಸವಿಯದು; ಗದ್ಯ ಮತ್ತು ಅರ್ಥಕೋಶ ನಿನ್ನವು, ಈ ಪರವಾನಗಿಯಲ್ಲಿ. ಪ್ರಕಾಶಕರ ಕರಾರಿಗೆ ಮೊದಲೇ ಇದನ್ನು ಅವರಿಗೆ ತೋರಿಸು. ಹಕ್ಕು ಪೂರ್ತಿ ಬರೆದುಕೊಟ್ಟ ಮೇಲೆ ಪರವಾನಗಿ ಕೊಡಲು ನಿನ್ನ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಕರಾರಿನಲ್ಲಿ ಅವಧಿ ಬರೆಯದಿದ್ದರೆ ಕಾಯ್ದೆ ಐದು ವರ್ಷವೆಂದು ಹಿಡಿಯುತ್ತದೆ. ‘ಪೂರ್ಣಾವಧಿ’ ಎಂಬ ಪದ ಕಂಡರೆ ಸಹಿ ಹಾಕದೆ ನನಗೆ ಕಳಿಸು.

ಆಶೀರ್ವಾದಗಳೊಂದಿಗೆ,
ನಿನ್ನ ಅಕ್ಕ