ಬ್ರೇಕಿಲ್ಲದ ಗಾಡಿ ಹತ್ತಲಿರುವ ಮಗಳಿಗೆ

ಕಾವೆಂಟ್ರಿ

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಭಾನುವಾರ ಊಟದ ಹೊತ್ತಿನಲ್ಲಿ ನಡೆದದ್ದು ನಿನಗೂ ನೆನಪಿದೆ, ನನಗೂ ನೆನಪಿದೆ; ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಬರುವ ವಾರ ನೀನು ಪರ್ತ್‌ಗೆ ಹೊರಡುತ್ತೀಯ. ಹೊಸ ಕೆಲಸದ ಜೊತೆಗೆ ಅಲ್ಲಿನ ಸ್ಪೀಡ್‌ವೇ, ಅಂದರೆ ಮಣ್ಣಿನ ಟ್ರ್ಯಾಕಿನ ಮೋಟಾರ್ ಸೈಕಲ್ ಓಟದ ತರಬೇತಿಗೂ ಹೆಸರು ಕೊಟ್ಟಿದ್ದೀಯ. "ಮನೆ ತುಂಬ ಈ ಸವಾರರ ಫೋಟೊ ಹಾಕಿಕೊಂಡು, ನಾನು ಗಾಡಿ ಹತ್ತುತ್ತೀನಿ ಅಂದರೆ ಯಾಕಪ್ಪ ಬೇಡ ಅಂತೀಯ?" ಎಂದು ನೀನು ಕೇಳಿದ್ದಕ್ಕೆ ಆಗ ನನ್ನ ಬಾಯಿಂದ ಉತ್ತರ ಹೊರಡಲಿಲ್ಲ. ಎದುರು ಕೂತು ಹೇಳಲಾಗದ್ದನ್ನು ಬರೆದಾದರೂ ಹೇಳೋಣವೆಂದು ಈ ಕಾಗದ.

ನನ್ನ ಉತ್ತರ ಮೇಲಿನ ಕೋಣೆಯ ನೀಲಿ ಕಡತದಲ್ಲಿದೆ. ಲಂಡನ್ನಿನ ನ್ಯೂ ಕ್ರಾಸ್ ಮೈದಾನದಲ್ಲಿ 1935ರ ಆಗಸ್ಟ್ 28ರಂದು ನಡೆದ ಓಟಗಳ ಪ್ರೋಗ್ರಾಮ್ ಅದು. ಕಬ್ಬಿಣದ ಪಿನ್ನು ತುಕ್ಕು ಹಿಡಿದು ಹಾಳೆಯ ನಡುವೆ ಎರಡು ಕಂದು ಕಲೆಗಳಾಗಿವೆ. ಒಂದು ಮೂಲೆಯಲ್ಲಿ ಯಾರೋ ಹೆಬ್ಬೆರಳು ಒತ್ತಿ ಹಿಡಿದ ಮಸಿ ಗುರುತಿದೆ. ಆ ಸಂಜೆ ಮೆಟ್ಟಿಲ ಮೇಲೆ ನಿಂತು ನೋಡಿದ ಒಬ್ಬ ಪ್ರೇಕ್ಷಕ, ಪ್ರತಿ ಓಟ ಮುಗಿದ ಕೂಡಲೇ ಸವಾರರ ಹೆಸರಿನ ಮುಂದೆ ಪೆನ್ಸಿಲಿನಿಂದ ಅಂಕ ಬರೆದುಕೊಂಡಿದ್ದಾನೆ. ಗೆದ್ದವನಿಗೆ ಮೂರು, ಎರಡನೆಯವನಿಗೆ ಎರಡು, ಮೂರನೆಯವನಿಗೆ ಒಂದು, ಬಿದ್ದವನಿಗೆ 'ಎಫ್'. ಕೊನೆಯ ಭಾಗದ ಒಂದು ಓಟದಲ್ಲಿ ಎರಡು ಹೆಸರುಗಳ ಮುಂದೆ 'ಎಫ್' ಇದೆ: ರಾನ್ ಜಾನ್ಸನ್, ಟಾಮ್ ಫಾರ್ನ್‌ಡನ್. ಬೇರೆ ಪುಟಗಳಲ್ಲಿ ಎಷ್ಟು ನಿಧಾನವಾಗಿ, ಎಷ್ಟು ದುಂಡಗೆ ಬರೆದಿದ್ದಾನೋ ಇಲ್ಲೂ ಹಾಗೆಯೇ ಬರೆದಿದ್ದಾನೆ. ಕೈ ನಡುಗಿಲ್ಲ, ಒತ್ತಿ ಬರೆದಿಲ್ಲ. ಸವಾರರು ಬೀಳುವುದನ್ನು ಅವನು ವಾರ ವಾರವೂ ನೋಡಿದ್ದವನು. ಎರಡು ದಿನಗಳ ನಂತರ, ಆಗಸ್ಟ್ 30ರಂದು, ಫಾರ್ನ್‌ಡನ್ ತೀರಿಕೊಂಡ. ಅವನಿಗೆ 24 ವರ್ಷ.

ನಾವು ಕರಿಬೇವು, ತೊಗರಿಬೇಳೆ ತರಲು ಹೋಗುತ್ತಿದ್ದ ಫೋಲ್ಸ್‌ಹಿಲ್‌ನಲ್ಲೇ, ಸೇಂಟ್ ಪಾಲ್ಸ್ ಚರ್ಚಿನ ಆವರಣದಲ್ಲಿ, ಅವನ ಸಮಾಧಿ ಇದೆ. ಅವನು ನಮ್ಮ ಈ ಊರಿನ ಹುಡುಗ. 1933ರಲ್ಲಿ, ಆಗಿನ ಅಗ್ರ ಸವಾರರ ಸ್ಪರ್ಧೆಯಾದ ಸ್ಟಾರ್ ಚಾಂಪಿಯನ್‌ಷಿಪ್ ಗೆದ್ದಿದ್ದ. ಆ ಕಾಲದ ಇಂಗ್ಲೆಂಡಿನಲ್ಲಿ ಅವನಷ್ಟು ವೇಗವಾಗಿ ಓಡಿಸುವವರನ್ನು ಬೆರಳ ಮೇಲೆ ಎಣಿಸಬಹುದಿತ್ತು. ಅವನು ಬಿದ್ದ ಮರುದಿನವೇ ವೆಂಬ್ಲಿಯಲ್ಲಿ 1935ರ ಸ್ಟಾರ್ ಚಾಂಪಿಯನ್‌ಷಿಪ್ಪಿನ ಅಂತಿಮ ಓಟಗಳಿದ್ದವು. ಅದರ ಮರುವರ್ಷ, 1936ರಲ್ಲಿ, ಮೊದಲ ವಿಶ್ವ ಚಾಂಪಿಯನ್‌ಷಿಪ್ ಶುರುವಾಯಿತು. ಅವನು ಬದುಕಿದ್ದರೆ ಅದನ್ನು ಗೆಲ್ಲುತ್ತಿದ್ದ ಎಂದು ಹಳೆಯ ಅಭಿಮಾನಿಗಳು ಇಂದಿಗೂ ವಾದಿಸುತ್ತಾರೆ. ನನಗೆ ಆ ವಾದದಲ್ಲಿ ಆಸಕ್ತಿಯಿಲ್ಲ. ಅವನು ಬಿದ್ದ ಆ ಒಂದು ಕ್ಷಣವನ್ನು ಬಿಟ್ಟು ನನ್ನ ಮನಸ್ಸು ಮುಂದಕ್ಕೆ ಹೋಗುವುದೇ ಇಲ್ಲ.

ನ್ಯೂ ಕ್ರಾಸ್ ಟ್ರ್ಯಾಕ್ ಬಹಳ ಚಿಕ್ಕದು, ಒಂದು ಸುತ್ತು 262 ಗಜ ಮಾತ್ರ. ಜನ ಅದನ್ನು 'ಫ್ರೈಯಿಂಗ್ ಪ್ಯಾನ್' ಎಂದೇ ಕರೆಯುತ್ತಿದ್ದರು. ಅಷ್ಟು ಗಿಡ್ಡ ಟ್ರ್ಯಾಕಿನಲ್ಲಿ ನೇರ ದಾರಿ ಎಂಬುದು ಹೆಸರಿಗಷ್ಟೇ. ಗಾಡಿ ಒಂದು ತಿರುವಿನಿಂದ ಹೊರಬರುವಷ್ಟರಲ್ಲಿ ಇನ್ನೊಂದು ತಿರುವು ಎದುರಿಗಿರುತ್ತದೆ. ಮುಂದಿದ್ದ ಜಾನ್ಸನ್ ಬಿದ್ದ. ಹಿಂದಿದ್ದ ಫಾರ್ನ್‌ಡನ್ನನ ಗಾಡಿ ಬಿದ್ದ ಗಾಡಿಗೆ ಬಡಿದು, ಅವನು ಹಾರಿ ಬಿದ್ದ. ಇಬ್ಬರೂ ಒಂದೇ ತಂಡದವರು. ಜಾನ್ಸನ್ ಬದುಕಿದ, ಚೇತರಿಸಿಕೊಂಡ, ಮತ್ತೆ ಟ್ರ್ಯಾಕಿಗೆ ಇಳಿದ, ಯುದ್ಧ ಮುಗಿದ ಮೇಲೂ ಅದೇ ನ್ಯೂ ಕ್ರಾಸ್ ಪರವಾಗಿ ಓಡಿಸಿದ. ಅವನು ಬೆಳೆದದ್ದು ಪಶ್ಚಿಮ ಆಸ್ಟ್ರೇಲಿಯದಲ್ಲಿ. ಈಗ ನೀನು ಹೊರಟಿರುವುದೂ ಅಲ್ಲಿಗೇ. ಇದಕ್ಕೆ ಅರ್ಥ ಹುಡುಕಬಾರದೆಂದು ನಿನ್ನ ಅಮ್ಮ ಹೇಳಿದಳು. ಹುಡುಕುತ್ತಿಲ್ಲ. ಆದರೂ ರಾತ್ರಿ ಎಚ್ಚರವಾದಾಗ ಮನಸ್ಸಿಗೆ ಬರುವುದು ಇದೇ: ಮುಂದೆ ಬಿದ್ದವನು ಉಳಿದ, ಏನೂ ತಪ್ಪು ಮಾಡದೆ ಹಿಂದೆ ಬಂದವನು ಉಳಿಯಲಿಲ್ಲ.

ನಿನ್ನ ಸಾಮರ್ಥ್ಯದ ಬಗ್ಗೆ ನನಗೆ ಸಂದೇಹವಿಲ್ಲ ಪುಟ್ಟಿ. ಹ್ಯಾಂಡಲ್ ಮೇಲೆ ನಿನ್ನ ಕೈ ಎಷ್ಟು ಹದವಾಗಿ ಕೂರುತ್ತದೆಂದು ನಾನು ಕಂಡಿದ್ದೇನೆ, ಅದನ್ನು ಕಂಡು ಒಳಗೊಳಗೇ ಬೀಗಿದ್ದೇನೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ನಿಮ್ಮ ತಾತ ಎಂಜಿನ್ನಿನ ಸದ್ದು ಕೇಳಿಯೇ ದೋಷ ಹೇಳುತ್ತಿದ್ದರು; ಆ ಕಿವಿ ನನ್ನನ್ನು ದಾಟಿ ನಿನಗೆ ಬಂದಿದೆ. ಆದರೆ ಈ ಆಟದಲ್ಲಿ ನಿನ್ನ ಜಾಣ್ಮೆಯೊಂದೇ ನಿನ್ನನ್ನು ಕಾಯುವುದಿಲ್ಲ. ಉಳಿದ ಮೂವರ ಜಾಣ್ಮೆಯೂ, ಅವರ ಗಾಡಿಯ ಚೈನೂ, ಆ ದಿನದ ಮಣ್ಣಿನ ತೇವವೂ ಸರಿಯಾಗಿರಬೇಕು. ಬ್ರೇಕಿಲ್ಲ, ಒಂದೇ ಗೇರು, ನಾಲ್ಕು ಸುತ್ತು, ಎಲ್ಲ ತಿರುವೂ ಎಡಕ್ಕೆ. ಹಿಂದಿನ ಚಕ್ರವನ್ನು ಬಲಕ್ಕೆ ಜಾರಲು ಬಿಟ್ಟು, ಮುಂದಿನ ಚಕ್ರವನ್ನೂ ಬಲಕ್ಕೇ ತಿರುಗಿಸಿ, ಕಬ್ಬಿಣದ ತಳ ಕಟ್ಟಿದ ಎಡಗಾಲನ್ನು ನೆಲಕ್ಕೆ ಸವರುತ್ತ ಹೋಗುವಾಗ, ವೇಗ ತಗ್ಗಿಸಬೇಕೆಂದರೆ ಇರುವ ಸಾಧನ ಆ ಜಾರುವಿಕೆಯೊಂದೇ.

ಆದ್ದರಿಂದ ನನ್ನದೊಂದು ಮಾತು ನಡೆಸಿಕೊಡು. ಓಡಿಸುವುದನ್ನು ಕಲಿಯುವ ಮುಂಚೆ ಮಲಗಿಸುವುದನ್ನು ಕಲಿ. ಮುಂದಿನವರು ಬಿದ್ದರೆ, ಅವರಿಗೆ ತಗಲುವ ಮುನ್ನ ನಿನ್ನ ಗಾಡಿಯನ್ನು ನೀನೇ ನೆಲಕ್ಕೆ ಒರಗಿಸಿ ಬೀಳುವುದು ಒಂದು ವಿದ್ಯೆ. ಒಳ್ಳೆಯ ಸವಾರರೆಲ್ಲ ಅದನ್ನು ಬಲ್ಲರು. ಗೆಲುವು ಕೈತಪ್ಪುತ್ತದೆ, ಗಾಡಿಗೆ ಪೆಟ್ಟಾಗುತ್ತದೆ, ಆದರೆ ಬಿದ್ದವರ ಪ್ರಾಣವೂ ನಿನ್ನ ಪ್ರಾಣವೂ ಉಳಿಯುವ ಸಾಧ್ಯತೆ ಹೆಚ್ಚುತ್ತದೆ. ತರಬೇತಿ ಕೊಡುವವರನ್ನು ಮೊದಲ ದಿನವೇ ಇದನ್ನು ಕೇಳು. ಇದನ್ನು ಕಲಿಸದೆ ನೇರವಾಗಿ ಸ್ಟಾರ್ಟಿಂಗ್ ಗೇಟಿಗೆ ನಿಲ್ಲಿಸುವವರ ಬಳಿ ಕಲಿಯಬೇಡ. ಮಣಿಕಟ್ಟಿಗೆ ಕಟ್ಟುವ ಕಟ್-ಔಟ್ ದಾರವನ್ನು ಅಭ್ಯಾಸದ ಸುತ್ತಿನಲ್ಲೂ ಕಟ್ಟಿಕೋ; ನೀನು ಗಾಡಿಯಿಂದ ಬಿದ್ದರೆ ಎಂಜಿನ್ ನಿಲ್ಲಬೇಕು. ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟನ್ನು, ಹೊರಗೆ ಬಿರುಕು ಕಾಣದಿದ್ದರೂ, ಮತ್ತೆ ಧರಿಸಬೇಡ. ತಲೆ ಸುತ್ತಿದಂತಾದರೆ ಆ ದಿನಕ್ಕೆ ಮುಗಿಯಿತು, ಯಾರು ಏನೇ ಅನ್ನಲಿ. ತಿರುವಿನಲ್ಲಿ ಗಾಳಿ ತುಂಬಿದ ಬೇಲಿ ಇದೆಯೇ ಎಂದು ಕಣ್ಣಾರೆ ನೋಡು. ಫಾರ್ನ್‌ಡನ್ನನ ಕಾಲದಲ್ಲಿ ಅಂಥದ್ದೇನೂ ಇರಲಿಲ್ಲ. ಬುದ್ಧಿವಾದ ಹೇಳುವುದಿಲ್ಲವೆಂದು ಅಮ್ಮನಿಗೆ ಮಾತು ಕೊಟ್ಟು ಬರೆಯಲು ಕೂತವನು ನಾನು; ಆದರೂ ಈ ಸಾಲುಗಳಲ್ಲಿ ಒಂದನ್ನೂ ಹೊಡೆದುಹಾಕುವುದಿಲ್ಲ.

ಟ್ರ್ಯಾಕಿನ ಆಚೆಗೂ ಹುಷಾರಾಗಿರು. ಆಸ್ಟ್ರೇಲಿಯದ ಸವಾರ ಬ್ಲೂಯಿ ವಿಲ್ಕಿನ್ಸನ್ 1936ರ ವಿಶ್ವ ಫೈನಲ್‌ನಲ್ಲಿ ಒಂದು ಓಟವನ್ನೂ ಸೋಲದಿದ್ದರೂ, ಹಿಂದಿನ ಸುತ್ತುಗಳ ಬೋನಸ್ ಅಂಕಗಳ ಲೆಕ್ಕದಿಂದ ಕಿರೀಟ ತಪ್ಪಿಸಿಕೊಂಡು, 1938ರಲ್ಲಿ ಹಟ ಹಿಡಿದು ಗೆದ್ದವನು. ಅವನು 1940ರಲ್ಲಿ ಸತ್ತದ್ದು ಸಿಡ್ನಿಯ ಸಾಮಾನ್ಯ ರಸ್ತೆಯೊಂದರಲ್ಲಿ, ಮೋಟಾರ್ ಸೈಕಲ್ ಅಪಘಾತದಲ್ಲಿ.

ಹೆಣ್ಣೆಂಬ ಕಾರಣಕ್ಕೆ ನಾನು ಬೇಡವೆಂದೆ ಎಂದು ನೀನು ತಿಳಿದಿದ್ದರೆ ಅದು ನನಗೆ ಎಲ್ಲಕ್ಕಿಂತ ದೊಡ್ಡ ನೋವು. ಅಂಥ ಅನುಮಾನಕ್ಕೆ ಎಡೆಯಾಗುವಂತೆ ಸುಮ್ಮನೆ ಕೂತದ್ದಕ್ಕೆ ನನ್ನನ್ನು ಕ್ಷಮಿಸು. ಫೇ ಟೇಲರ್ ಹೆಸರನ್ನು ನಿನಗೆ ಮೊದಲು ಹೇಳಿದವನು ನಾನೇ. ಐರ್ಲೆಂಡಿನ ಬರ್ ಊರಿನಲ್ಲಿ ಹುಟ್ಟಿದ ಅವಳು 1928ರಲ್ಲಿ, ಅಂದರೆ ಎಪ್ಪಿಂಗ್ ಕಾಡಿನ ಹೈ ಬೀಚ್‌ನಲ್ಲಿ ಜನ ಕಿಕ್ಕಿರಿದು ಸೇರಿ ಡರ್ಟ್ ಟ್ರ್ಯಾಕ್ ಎಂಬ ಹುಚ್ಚು ಇಂಗ್ಲೆಂಡಿಗೆ ಹತ್ತಿದ ವರ್ಷವೇ, ಗಂಡಸರ ನಡುವೆ ಗಾಡಿ ಹತ್ತಿದಳು. ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಿಗೂ ಹಡಗಿನಲ್ಲಿ ಹೋಗಿ ಓಡಿಸಿದಳು. ಯಾರ್ಕ್‌ಷೈರಿನ ಬೀಡೇಲ್ ಊರಿನ ಈವಾ ಆಸ್ಕ್‌ವಿತ್ ಕೂಡ ಅದೇ ಕಾಲದವಳು. ಇವರು ಗೆಲ್ಲುತ್ತಿದ್ದಾಗಲೇ, 1930ರಲ್ಲಿ, ಬ್ರಿಟನ್ನಿನ ಟ್ರ್ಯಾಕುಗಳಿಂದ ಹೆಂಗಸರನ್ನು ನಿಷೇಧಿಸಲಾಯಿತು. ಗಂಡಸರು ವರ್ಷ ವರ್ಷವೂ ಬಿದ್ದು ಸಾಯುತ್ತಿದ್ದ ಆಟದಲ್ಲಿ, ಅಪಾಯದ ನೆಪ ಹೆಂಗಸರಿಗಷ್ಟೇ ಅನ್ವಯಿಸಿತು. ಆ ಅನ್ಯಾಯ ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಆ ನಿಷೇಧದ ಪರವಾಗಿ ನನ್ನ ಮನೆಯಿಂದಲೇ ಒಂದು ಮಾತು ಹೊರಡಬಾರದು.

ಆದರೆ ಫೇ ಟೇಲರಳ ಪೂರ್ತಿ ಕಥೆಯೂ ನಿನಗೆ ಗೊತ್ತಿರಲಿ. ಮುಂದೆ ಅವಳು ಫ್ಯಾಸಿಸ್ಟರ ಕಡೆ ವಾಲಿದಳು. ಯುದ್ಧಕಾಲದಲ್ಲಿ, 1940ರಿಂದ 1943ರವರೆಗೆ, ಬ್ರಿಟಿಷ್ ಸರ್ಕಾರ ಅವಳನ್ನು ಬಂಧನದಲ್ಲಿಟ್ಟಿತ್ತು. ಅವಳ ಫೋಟೊ ನಮ್ಮ ಗೋಡೆಯ ಮೇಲೆ ಇರಲಿ. ಆದರೆ ಒಬ್ಬರ ಧೈರ್ಯವನ್ನು ಮೆಚ್ಚುವಾಗ ಅವರ ವಿಚಾರಗಳಿಗೂ ಕೈಮುಗಿಯಬೇಕಾಗಿಲ್ಲ. ಮೆಚ್ಚಬೇಕಾದರೆ ಲಯೊನೆಲ್ ವ್ಯಾನ್ ಪ್ರಾಗ್‌ನನ್ನು ಮನಸಾರೆ ಮೆಚ್ಚು. ಮೊದಲ ವಿಶ್ವ ಚಾಂಪಿಯನ್ ಅವನೇ. ಯುದ್ಧದಲ್ಲಿ ತನ್ನ ವಿಮಾನ ಸಮುದ್ರಕ್ಕೆ ಬಿದ್ದಾಗ, ಒಬ್ಬ ಜೊತೆಗಾರನೊಂದಿಗೆ ಸೇರಿ, ಗಾಯಗೊಂಡ ಇನ್ನಿಬ್ಬರನ್ನು ನೀರಿನಲ್ಲಿ ಗಂಟೆಗಟ್ಟಲೆ ಎತ್ತಿ ಹಿಡಿದು ಈಜಿ ದಡ ಸೇರಿಸಿದ್ದಕ್ಕೆ ಅವನಿಗೆ ಜಾರ್ಜ್ ಪದಕ ಸಿಕ್ಕಿತು.

ಈಗ ನಾನು ಕೂಡಿಟ್ಟ ಸ್ಪೀಡ್‌ವೇ ಪ್ರೋಗ್ರಾಮು, ಬ್ಯಾಡ್ಜುಗಳ ಸಂಗ್ರಹದ ವಿಷಯ. ಅದನ್ನು ಮಾರಿ ಹಗುರಾಗಬಾರದೇ ಎಂದು ನೀನು ಹಿಂದೆ ಕೇಳಿದ್ದೆ. ಮಾರಬಹುದು, ಕೊಳ್ಳುವವರೂ ಇದ್ದಾರೆ. ಆದರೆ ನಮ್ಮ ಊರ ಪಕ್ಕದ ಬ್ರ್ಯಾಂಡನ್ ಮೈದಾನದ ಗತಿ ಏನಾಯಿತೆಂದು ನೀನೇ ನೋಡಿದ್ದೀಯ. 1928ರಿಂದ ಗಾಡಿಗಳು ಓಡಿದ ಆ ಜಾಗದಲ್ಲಿ 2016ರ ನಂತರ ಒಂದು ಓಟವೂ ನಡೆದಿಲ್ಲ. ನ್ಯೂ ಕ್ರಾಸ್ ಮೈದಾನವೂ ಇಲ್ಲ. ಮೈದಾನಗಳು ಹೋದ ಮೇಲೆ ಉಳಿದಿರುವುದು ಈ ಕಾಗದ, ಈ ಬ್ಯಾಡ್ಜು, ಈ ಪೆನ್ಸಿಲ್ ಗುರುತುಗಳು. ಫಾರ್ನ್‌ಡನ್ನನಂಥವರ ಹೆಸರನ್ನು ಪುಸ್ತಕಗಳು ಕಾಯುತ್ತವೆ. ಒಂದೇ ಒಂದು ಸಂಜೆ ಬದಲಿ ಸವಾರನಾಗಿ ಬಂದು, ಒಂದು ಓಟದಲ್ಲಿ ಕೊನೆಯವನಾಗಿ ಮುಗಿಸಿ, ಮತ್ತೆ ಎಂದೂ ಕಾಣಿಸಿಕೊಳ್ಳದ ಹುಡುಗನ ಹೆಸರು ಉಳಿದಿರುವುದು ಪ್ರೋಗ್ರಾಮಿನಲ್ಲಿ ಮಾತ್ರ. ನಾನು ಹಣ ಸುರಿದು ಕೂಡಿಟ್ಟದ್ದು ಅಂಥವರಿಗಾಗಿ.

ಕೆಲವನ್ನು ನಿನ್ನ ಜೊತೆ ಕಳುಹಿಸುತ್ತಿದ್ದೇನೆ. ಪ್ಲೇಯರ್ಸ್ ಸಿಗರೇಟಿನವರು 1937ರಲ್ಲಿ ಹೊರತಂದ ಸವಾರರ 50 ಕಾರ್ಡುಗಳ ಪೂರ್ತಿ ಸೆಟ್ಟು ಅದರಲ್ಲಿದೆ, ಆಲ್ಬಮ್ಮಿಗೆ ಅಂಟಿಸಬೇಡ. ಬ್ಯಾಡ್ಜುಗಳಲ್ಲಿ ನಾಲ್ಕನ್ನು ಆರಿಸಿದ್ದೇನೆ. ಹಿಂಬದಿಯಲ್ಲಿ ಬರ್ಮಿಂಗ್‌ಹ್ಯಾಮಿನ ತಯಾರಕರ ಹೆಸರು ಒತ್ತಿರುತ್ತದೆ. ವರ್ಷ ನಮೂದಿಸಿದ ಪುಟ್ಟ ಲೋಹದ ಪಟ್ಟಿಗಳು ಬ್ಯಾಡ್ಜಿನ ಕೆಳಗೆ ಒಂದರ ಕೆಳಗೊಂದು ತೂಗುತ್ತವೆ, ಒಬ್ಬ ಅಭಿಮಾನಿ ಎಷ್ಟು ವರ್ಷ ತಂಡದ ಜೊತೆಗಿದ್ದನೆಂದು ಅದರಿಂದಲೇ ತಿಳಿಯುತ್ತದೆ. ಅಲ್ಲಿ ಯಾರಾದರೂ ಹಳೆಯ ಬ್ಯಾಡ್ಜೆಂದು ತೋರಿಸಿದರೆ ಉಗುರಿನಿಂದ ಮುಟ್ಟಿ ನೋಡು. ಹಳೆಯದರ ಬಣ್ಣ ಗಾಜಿನ ಪುಡಿಯನ್ನು ಕುಲುಮೆಯಲ್ಲಿ ಕರಗಿಸಿ ಕೂರಿಸಿದ್ದು, ತಣ್ಣಗೆ ಗಟ್ಟಿಯಾಗಿರುತ್ತದೆ. ಈಗಿನ ನಕಲಿನ ಮೇಲಿರುವುದು ಬರೀ ರಾಳ. ಪ್ರೋಗ್ರಾಮುಗಳಿಗೆ ಪರ್ತ್‌ನ ಬಿಸಿಲು ತಗಲಬಾರದು, ತುಕ್ಕು ಹಿಡಿದ ಪಿನ್ನು ತೆಗೆದೇ ಇಡು, ಯಾವ ಕಾರಣಕ್ಕೂ ಲ್ಯಾಮಿನೇಟ್ ಮಾಡಿಸಬೇಡ.

ಒಂದು ಚಿಕ್ಕ ಶೀಶೆಯಲ್ಲಿ ಹಳೆಯ ರೇಸಿಂಗ್ ಎಣ್ಣೆ ಇದೆ, ಅದನ್ನು ಮಾತ್ರ ವಿಮಾನದಲ್ಲಿ ಒಯ್ಯಲಾಗದು, ಇಲ್ಲೇ ಇರಲಿ. ಕ್ಯಾಸ್ಟ್ರಾಲ್ ಆರ್ ಎಂಬ ಆ ಎಣ್ಣೆಯ ಮೂಲ ನಮ್ಮ ಹರಳೆಣ್ಣೆಯೇ. ಈ ದೇಶಕ್ಕೆ ಬಂದ ಹೊಸದರಲ್ಲಿ, ಯಾರ ಪರಿಚಯವೂ ಇಲ್ಲದೆ ಬ್ರ್ಯಾಂಡನ್ನಿನ ಗೇಟಿನ ಬಳಿ ನಿಂತಿದ್ದ ನನ್ನನ್ನು ಒಳಗೆ ಕರೆದದ್ದು ಆ ವಾಸನೆ; ಶನಿವಾರಗಳಂದು ಅಜ್ಜಿ ನೆತ್ತಿಗೆ ಒತ್ತಿ ಸ್ನಾನ ಮಾಡಿಸುತ್ತಿದ್ದ ಎಣ್ಣೆ, ಇಲ್ಲಿ ಎಂಜಿನ್ನಿನಲ್ಲಿ ಸುಡುತ್ತಿತ್ತು. ಪರ್ತ್‌ನ ಟ್ರ್ಯಾಕಿನಲ್ಲೂ ಅದು ಬಂದರೆ ನನಗೆ ಫೋನ್ ಮಾಡಿ ಹೇಳು.

ನೀಲಿ ಕಡತವನ್ನು ಸದ್ಯಕ್ಕೆ ಕೊಡುವುದಿಲ್ಲ. ಅದು ನನ್ನ ಬಳಿ ಇರಲಿ.

ಕೊನೆಗೆ ಎರಡು ಕೆಲಸ. ನಿನ್ನ ಕಂಪನಿಯವರು ಕೊಡುವ ವಿಮೆಯಲ್ಲಿ ಮೋಟಾರ್ ಕ್ರೀಡೆ ಸೇರಿದೆಯೇ ಎಂದು ಹೊರಡುವ ಮೊದಲೇ ಬರಹದಲ್ಲಿ ಕೇಳಿ ತಿಳಿದುಕೋ. ಬಹಳಷ್ಟು ವಿಮೆಗಳು ಅದನ್ನು ಹೊರಗಿಡುತ್ತವೆ. ಇಲ್ಲವಾದರೆ ಬೇರೆಯದೇ ಮಾಡಿಸು, ಕಂತನ್ನು ನಾನು ಕಟ್ಟುತ್ತೇನೆ. ಇನ್ನೊಂದು, ಬೂಟಿನ ಅಳತೆ. ಎಡಗಾಲಿನ ಕಬ್ಬಿಣದ ತಳವನ್ನು ಅಲ್ಲಿ ಯಾರದ್ದೋ ಹಳೆಯದನ್ನು ಕಟ್ಟಿಕೊಳ್ಳಬೇಡ, ಸಡಿಲವಾದರೆ ಕಾಲು ತಿರುಚುತ್ತದೆ. ನೀನು ಓಡಿಸುವಾಗ ಹಾಕಿಕೊಳ್ಳುವ ಬೂಟನ್ನೇ ಶುಕ್ರವಾರ ಮನೆಗೆ ತೆಗೆದುಕೊಂಡು ಬಾ. ಅದಕ್ಕೆ ಸರಿಹೊಂದುವ ತಳವನ್ನು ಬೆಸುಗೆ ಹಾಕಿಸಿ, ಪಟ್ಟಿ ಹೊಲಿಸಿ, ನೀನು ಹೊರಡುವಷ್ಟರಲ್ಲಿ ಕೈಗೆ ಕೊಡುತ್ತೇನೆ.

ಇತಿ ನಿನ್ನ,
ಅಪ್ಪ