ಇಂಜಿನ್ ಬದಲಿಸಿದ ಹಳೇ ಕಾರಿನವರು ಓದಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಿಂಹಗಡದ ಕಡೆ ಹೊರಡೋ ಮುಂಚೆ ಒಂದು ವಿಷಯ. ನಮ್ಮಲ್ಲಿ ಮೂವರ ಪ್ರೀಮಿಯರ್ ಪದ್ಮಿನಿ ಕಾರಲ್ಲಿ ಈಗ ಅದೇ ಕಂಪನಿಯ 118 ಎನ್ಇ ಕಾರಿನ ಇಂಜಿನ್ ಕೂತಿದೆ. ಓಡೋದೇನೋ ಸೊಗಸಾಗಿ ಓಡುತ್ತೆ, ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಮಾತ್ರ ಹಳೇ ಇಂಜಿನ್ ನಂಬರ್! ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಇಂಜಿನ್ ಬದಲಿಸೋಕೆ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲೂ ಅದು ಏರಬೇಕು. "ಪಿಯುಸಿ (ಹೊಗೆ ತಪಾಸಣೆ ಪತ್ರ) ಇದೆಯಲ್ಲ" ಅನ್ನಬೇಡಿ. ಅದು ನೋಡೋದು ಹೊಗೆ ಮಾತ್ರ: ನಮ್ಮ ಕಾಲದ ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡ್ ಶೇ. 3, ಹೈಡ್ರೋಕಾರ್ಬನ್ 1500 ಪಿಪಿಎಂ ದಾಟಬಾರದು, ಅಷ್ಟೇ.

ಈ ವಾರ ಬಾನೆಟ್ ಎತ್ತಿ, ಬ್ಲಾಕ್ ಮೇಲಿನ ಜಿಡ್ಡನ್ನ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಅಲ್ಲಿ ಕೊರೆದಿರೋ ಇಂಜಿನ್ ನಂಬರ್ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ತೀಡಿ. ಮೂಡಿದ ನಂಬರನ್ನ ಆರ್‌ಸಿ ಜೊತೆ ತಾಳೆ ನೋಡಿ. ನನ್ನದರಲ್ಲಿ 3 ಯಾವುದು, 8 ಯಾವುದು ಅಂತ ಗೊತ್ತಾಗೋಕೇ ಅರ್ಧ ಗಂಟೆ ಹಿಡೀತು.

ವಿಎ ಪ್ಲೇಟಿನ (ವಿಂಟೇಜ್ ಗಾಡಿಗೆ ಕೊಡೋ ನಂಬರ್ ಪ್ಲೇಟಿನ) ಆಸೆ ಇರೋರಿಗೆ: 2021ರ ನಿಯಮದಂತೆ ಗಾಡಿಗೆ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಇಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂ., ಹತ್ತು ವರ್ಷ ಮಾನ್ಯ. ದಿನಾ ಆಫೀಸಿಗೆ ಓಡಿಸೋ ಹಾಗಿಲ್ಲ. ಅದಕ್ಕೇ, ಇಳಿಸಿದ ಹಳೇ ಇಂಜಿನ್ ಗುಜರಿಗೆ ಹಾಕಬೇಡಿ. ನಾನು ತೂಕಕ್ಕೆ ಮಾರಿ ಕೂತಿದ್ದೀನಿ.