ಎಡಗಾಲಿಗೆ ಕೆಲಸವಿಲ್ಲದ ಗೆಳೆಯನಿಗೆ

ಬಳ್ಳಾರಿ

ಪ್ರೀತಿಯ ವೀರೇಶ,

ನಿನ್ನ ಮೆಸೇಜ್ ನೋಡಿದೆ. ಆಟೋಮ್ಯಾಟಿಕ್ ಕಾರಿನಲ್ಲಿ ರೇಸ್ ಓಡಿಸೋದು ಕಲಿಯಬಹುದಾ, ಹೇಗೆ ಅಂತ ಕೇಳಿದ್ದೀಯ. ಫೋನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಕೇಳುವವರು ಇನ್ನೂ ನಾಲ್ಕು ಜನ ಇದ್ದಾರೆ, ಹಾಗಾಗಿ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಬೇಜಾರಿಲ್ಲ ಅಲ್ವಾ?

"ಆಟೋಮ್ಯಾಟಿಕ್ ಕಾರ್ ಇಟ್ಕೊಂಡು ರೇಸಾ?" ಅಂತ ರಾಯಚೂರಿನ ದೋಸ್ತರು ನಕ್ಕರು ಅಂದಿದ್ದೀಯ. ನಗಲಿ ಬಿಡು. 1965ರಲ್ಲಿ ಅಮೆರಿಕದ ಸೆಬ್ರಿಂಗ್‌ನಲ್ಲಿ 12 ತಾಸಿನ ರೇಸ್ ಗೆದ್ದದ್ದು ಚಾಪರಲ್ 2ಎ ಅನ್ನುವ ಕಾರು. ಅದರಲ್ಲಿ ಕ್ಲಚ್ ಪೆಡಲ್ಲೇ ಇರಲಿಲ್ಲ, ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಇತ್ತು. ಓಡಿಸಿದವರು ಜಿಮ್ ಹಾಲ್ ಮತ್ತು ಹ್ಯಾಪ್ ಶಾರ್ಪ್. 1989ರಲ್ಲಿ ಫೆರಾರಿಯವರು ಫಾರ್ಮುಲಾ ಒನ್ ಕಾರಿನ ಗೇರನ್ನು ಸ್ಟೀರಿಂಗ್ ಹಿಂದೆ ಬೆರಳಲ್ಲಿ ಎಳೆಯುವ ಪ್ಯಾಡಲ್‌ಗೆ ತಂದರು. ಬ್ರೆಜಿಲ್‌ನಲ್ಲಿ ಅದರ ಮೊದಲ ರೇಸನ್ನೇ ನೈಜೆಲ್ ಮ್ಯಾನ್ಸೆಲ್ ಗೆದ್ದ. ಆಗಲೂ ಒಂದಷ್ಟು ಜನ ನಕ್ಕಿರಬೇಕು.

ಆದರೆ ಒಂದು ಮಾತು. ಆ ಎರಡೂ ಕಾರುಗಳಲ್ಲಿ ಯಾವ ಗೇರ್ ಬೇಕು ಅಂತ ತೀರ್ಮಾನ ಮಾಡುತ್ತಿದ್ದದ್ದು ಡ್ರೈವರ್. ನಿನ್ನ ಕಾರಿನಲ್ಲಿ ಅದನ್ನು ಕಂಪ್ಯೂಟರ್ ಮಾಡುತ್ತದೆ. ಆ ತೀರ್ಮಾನವನ್ನು ಆದಷ್ಟು ನಿನ್ನ ಕೈಗೆ ತಗೋ, ಗೇರ್‌ಬಾಕ್ಸ್ ಕುದಿಯದ ಹಾಗೆ ನೋಡಿಕೋ. ನಾನು ಹೇಳಬೇಕಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಮೊದಲು ಆಟೋಕ್ರಾಸ್. ದೊಡ್ಡ ಬಯಲಿನಲ್ಲಿ ಕೋನ್ ಇಟ್ಟು ದಾರಿ ಮಾಡಿರುತ್ತಾರೆ. ಒಂದು ಸಲಕ್ಕೆ ಒಂದೇ ಕಾರು. ಪೈಪೋಟಿ ಗಡಿಯಾರದ ಜೊತೆ. ಅಮೆರಿಕದಲ್ಲಿ ಕೋನ್ ಬಿದ್ದರೆ ಸಾಮಾನ್ಯವಾಗಿ ನಿನ್ನ ಟೈಮಿಗೆ 2 ಸೆಕೆಂಡ್ ಸೇರಿಸುತ್ತಾರೆ. ಪಕ್ಕದಲ್ಲಿ ಬೇರೆ ಕಾರಿಲ್ಲ, ಗೋಡೆ ಇಲ್ಲ. ಹೆಚ್ಚಿನ ಹೊತ್ತು ಎರಡನೇ ಗೇರಿನಲ್ಲೇ ಓಡುತ್ತೀಯ. ಅದಕ್ಕೇ ಕಲಿಯೋಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ನಮ್ಮ ದೇಶದಲ್ಲಿ ಆಟೋಕ್ರಾಸ್ ಜಾಸ್ತಿ ನಡೆಯುವುದು ಮಣ್ಣಿನ ಮೇಲೆ. ದಿನಾ ಆಫೀಸಿಗೆ ಹೋಗುವ ಕಾರನ್ನು ಅಲ್ಲಿಗೆ ಒಯ್ಯಬೇಡ, ಎಂಜಿನ್ ಕೆಳಗಿನ ಆಯಿಲ್ ಸಂಪ್ ಕಲ್ಲಿಗೆ ತಾಗಿದರೆ ಖರ್ಚು. ಡಾಂಬರು ಅಥವಾ ಕಾಂಕ್ರೀಟ್ ಮೇಲೆ ನಡೆಯುವುದನ್ನು ಹುಡುಕು.

ಸಿಂಧನೂರು ರೋಡಿನಲ್ಲಿ ಬೆಳಗಿನ ಜಾವ ಪ್ರಾಕ್ಟೀಸ್ ಮಾಡಲಾ ಅಂತ ಕೇಳಿದ್ದೀಯ. ಬೇಡವೇ ಬೇಡ. ಭತ್ತ ಹೇರಿದ ಟ್ರ್ಯಾಕ್ಟರ್ ಹಿಂದೆ ಲೈಟ್ ಇಲ್ಲದೆ ನಿಂತಿರುವುದನ್ನು ನೀನೇ ಎಷ್ಟು ಸಲ ಬೈದಿಲ್ಲ? ಪಬ್ಲಿಕ್ ರೋಡಿನಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ನಿನಲ್ಲಿ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಇದೆ. ಅದು ಹಾಗಿರಲಿ, ರೋಡಿನಲ್ಲಿ ಕಲಿಯುವುದಕ್ಕೆ ಏನೂ ಸಿಗುವುದಿಲ್ಲ. ನೇರ ಓಡಿಸುವುದು ಯಾರಿಗೆ ಬರಲ್ಲ?

ನಮ್ಮ ಕಡೆ ಟ್ರ್ಯಾಕ್ ಇಲ್ಲದಿದ್ದರೂ ಬೇರೆ ಒಂದು ಸಿರಿ ಇದೆ. ಹತ್ತಿ ಜಿನ್ನಿಂಗ್ ಮಿಲ್‌ಗಳ ಅಂಗಳ. ಸೀಸನ್ ಮುಗಿದ ಮೇಲೆ ಆ ಕಾಂಕ್ರೀಟ್ ಅಂಗಳ ತಿಂಗಳುಗಟ್ಟಲೆ ಖಾಲಿ ಬಿದ್ದಿರುತ್ತದೆ. ಸುತ್ತ ಕಾಂಪೌಂಡ್, ಒಂದೇ ಗೇಟು. ಸಿರುಗುಪ್ಪ, ಮಾನ್ವಿ ಕಡೆ ರೈಸ್ ಮಿಲ್‌ಗಳಲ್ಲಿ ಭತ್ತ ಒಣಗಿಸುವ ಅಂಗಳವೂ ಆಗುತ್ತದೆ. ಸಾಹುಕಾರರ ಹತ್ತಿರ ಹೋಗಿ ಸರಿಯಾಗಿ ಕೇಳು, ಒಂದು ಭಾನುವಾರ ಬೆಳಗ್ಗೆ ಕೊಡುತ್ತಾರೆ. ಗೇಟು ಹಾಕಿಸು, ವಾಚ್‌ಮನ್ ಮಕ್ಕಳು ಮತ್ತು ನಾಯಿ ಎಲ್ಲಿವೆ ಅಂತ ಮೊದಲೇ ನೋಡು. ನೆಲ ಗುಡಿಸು. ಉದುರಿದ ಹತ್ತಿಬೀಜದ ಮೇಲೆ ಟೈರ್ ಜಾರುತ್ತದೆ.

ಅಲ್ಲಿ ಐದಾರು ಕೋನ್‌ಗಳನ್ನು ಒಂದೇ ಸಾಲಿನಲ್ಲಿ, 15ರಿಂದ 20 ಮೀಟರ್ ಅಂತರದಲ್ಲಿ ಇಡು. ಕೋನ್ ಇಲ್ಲವಾ, ಹಳೇ ಪ್ಲಾಸ್ಟಿಕ್ ಬಕೆಟ್ ಬೋರಲು ಹಾಕು. ಈಗ ಒಂದು ಎಡಕ್ಕೆ ಒಂದು ಬಲಕ್ಕೆ ಬಿಟ್ಟು ಹಾವಿನ ನಡೆಯಲ್ಲಿ ಹೋಗಬೇಕು. ಎಲ್ಲರೂ ಮೂಗಿನ ಮುಂದಿನ ಕೋನನ್ನೇ ನೋಡುತ್ತಾರೆ, ಅದನ್ನೇ ಗುದ್ದುತ್ತಾರೆ. ನೀನು ಅದನ್ನು ಬಿಟ್ಟು ಮುಂದಿನದನ್ನು ನೋಡು. ಕೋನಿನ ಪಕ್ಕಕ್ಕೆ ಬಂದ ಮೇಲೆ ಸ್ಟೀರಿಂಗ್ ತಿರುಗಿಸಿದರೆ ತಡವಾಯಿತು ಅಂತಲೇ ಲೆಕ್ಕ. ಪಕ್ಕಕ್ಕೆ ಬರುವ ಹೊತ್ತಿಗೆ ಕಾರು ಆಗಲೇ ಮುಂದಿನ ಕಡೆಗೆ ತಿರುಗಲು ಶುರು ಮಾಡಿರಬೇಕು.

ಇಲ್ಲೇ ನಿನ್ನ ಗೇರ್‌ಬಾಕ್ಸ್ ಆಟ ತೋರಿಸುತ್ತದೆ. ಡಿ ಮೋಡಿನಲ್ಲಿ, ಅಂದರೆ ಗೇರನ್ನು ಕಾರಿಗೇ ಬಿಟ್ಟು ಹೋಗುತ್ತಿದ್ದೀಯ ಅಂತ ಇಟ್ಟುಕೋ. ತಿರುವಿಗೆ ಮುಂಚೆ ಕಾಲು ತೆಗೆದೆ. ಪೆಟ್ರೋಲ್ ಉಳಿಸುತ್ತೇನೆ ಅಂತ ಅದು ಮೂರನೇ ಗೇರಿಗೆ ಹೋಯಿತು. ತಿರುವಿನ ಮಧ್ಯೆ ಆಕ್ಸಿಲರೇಟರ್ ಒತ್ತಿದೆ. ಅರೆಗಳಿಗೆ ಏನೂ ಇಲ್ಲ. ಇನ್ನೂ ಒತ್ತಿದೆ. ಆಗ ಥಟ್ಟನೆ ಎರಡಕ್ಕೆ ಇಳಿದು ಎಂಜಿನ್ ಕಿರುಚಿ ಕಾರು ಜಗ್ಗುತ್ತದೆ. ನಮ್ಮ ಕಾರುಗಳಲ್ಲಿ ಬಹುಪಾಲು ಮುಂದಿನ ಗಾಲಿಗೇ ಶಕ್ತಿ ಹೋಗುವುದು. ತಿರುಗುವ ಕೆಲಸವೂ ಅವುಗಳದ್ದೇ. ಎರಡೂ ಒಟ್ಟಿಗೆ ಬಿದ್ದಾಗ ಅವು ಹಿಡಿತ ಬಿಡುತ್ತವೆ, ಮೂತಿ ಹೊರಗೆ ಹೋಗುತ್ತದೆ, ಬಕೆಟ್ ಹಾರುತ್ತದೆ. ಇದಕ್ಕೆ ಮದ್ದು: ಶುರುವಿನಲ್ಲೇ ಗೇರ್ ನೀನೇ ಬದಲಿಸುವ ಮ್ಯಾನುಯಲ್ ಮೋಡಿಗೆ ಹಾಕಿ ಎರಡನೇ ಗೇರಿನಲ್ಲಿ ನಿಲ್ಲಿಸು. ಪ್ಯಾಡಲ್ ಇಲ್ಲದಿದ್ದರೆ ಎಷ್ಟೋ ಕಾರುಗಳ ಲಿವರಿನಲ್ಲಿ 2 ಅಥವಾ ಎಲ್ (ಲೋ, ಅಂದರೆ ಕೆಳಗಿನ ಗೇರು) ಇರುತ್ತದೆ. ಕೆಲವು ಕಾರುಗಳು ಮ್ಯಾನುಯಲ್ ಮೋಡಿನಲ್ಲೂ ಆರ್‌ಪಿಎಂ (ಎಂಜಿನ್ ಸುತ್ತುವ ವೇಗ) ಮೇಲಕ್ಕೆ ಹೋದರೆ ತಾವೇ ಗೇರ್ ಏರಿಸುತ್ತವೆ. ಅದು ಎಲ್ಲಿ ಏರಿಸುತ್ತದೆ ಅಂತ ಕಿವಿಗೆ ಗೊತ್ತಿರಲಿ.

ಎಡಗಾಲಿನಿಂದ ಬ್ರೇಕ್ ಹಾಕಬಹುದಾ ಅಂತ ಕೇಳಿದ್ದೀಯ. ಸದ್ಯಕ್ಕೆ ಬೇಡ. ಇಷ್ಟು ವರ್ಷ ಕ್ಲಚ್ ತುಳಿದ ಕಾಲು ಅದು, ಮೆಲ್ಲಗೆ ಒತ್ತುವುದು ಅದಕ್ಕೆ ಗೊತ್ತೇ ಇಲ್ಲ. ಒಮ್ಮೆ ಒತ್ತಿದರೆ ಹಣೆ ಸ್ಟೀರಿಂಗಿಗೆ. ಜೊತೆಗೆ ಈಗಿನ ಎಷ್ಟೋ ಕಾರುಗಳಲ್ಲಿ ಬ್ರೇಕು, ಆಕ್ಸಿಲರೇಟರು ಎರಡೂ ಒತ್ತಿದರೆ ಎಂಜಿನ್ ಶಕ್ತಿ ಕಟ್ ಆಗುತ್ತದೆ. ಬಲಗಾಲಿನಿಂದ ಬ್ರೇಕನ್ನು ನೇರ ದಾರಿಯಲ್ಲೇ ಗಟ್ಟಿಯಾಗಿ ಒತ್ತಿ, ತಿರುಗುವಾಗ ನಿಧಾನಕ್ಕೆ ಬಿಡುವುದನ್ನು ಕಲಿ. ಗಾಲಿ ಲಾಕ್ ಆಗದ ಹಾಗೆ ನೋಡಿಕೊಳ್ಳುವ ಎಬಿಎಸ್ ಕಾಲಿಗೆ ಗಡಗಡ ಅಂದರೆ ಹೆದರಿ ಕಾಲು ತೆಗೆಯಬೇಡ.

ನಿನ್ನದು ಯಾವ ಥರದ ಆಟೋಮ್ಯಾಟಿಕ್ ಅಂತ ಬರೆದಿಲ್ಲ. ಅದು ಮುಖ್ಯ. ಟಾರ್ಕ್ ಕನ್ವರ್ಟರ್ ಆದರೆ ನಿಶ್ಚಿಂತೆ, ಸ್ವಲ್ಪ ಸೋಮಾರಿ ಆದರೂ ಗಟ್ಟಿ ಜೀವ. ನನ್ನದೂ ಅದೇ. ಸಿವಿಟಿಯಲ್ಲಿ ಗೇರುಗಳ ಬದಲು ಬೆಲ್ಟು ಎರಡು ಪುಲ್ಲಿಗಳ ನಡುವೆ ಓಡುತ್ತದೆ, ಒತ್ತಿದರೆ ಎಂಜಿನ್ ಮಿಕ್ಸಿ ಥರ ಒಂದೇ ಸಮ ಕೂಗುತ್ತದೆ. ಕೇಳೋಕೆ ಬೇಜಾರು, ಆದರೆ ಕೋನ್‌ಗಳ ನಡುವೆ ಪರವಾಗಿಲ್ಲ, ಜರ್ಕ್ ಇರುವುದಿಲ್ಲ. ಟ್ರ್ಯಾಕಿನಲ್ಲಿ ಮಾತ್ರ ಬೇಗ ಬಿಸಿ ಆಗುತ್ತದೆ. ಎಎಂಟಿ ಅಂದರೆ ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ, ಕ್ಲಚ್ ತುಳಿಯುವ ಕೆಲಸ ಮೋಟರಿಗೆ. ಗೇರ್ ಬದಲಿಸುವಾಗ ತಲೆ ಮುಂದಕ್ಕೆ ತೂಗುತ್ತದಲ್ಲ, ಅದು ತಿರುವಿನ ಮಧ್ಯೆ ಆಗಲೇಬಾರದು. ಡಿಸಿಟಿ, ಅಂದರೆ ಎರಡು ಕ್ಲಚ್ ಇರುವುದು, ಎಲ್ಲಕ್ಕಿಂತ ಚುರುಕು. ಆದರೆ ಡ್ರೈ ಕ್ಲಚ್ (ಆಯಿಲ್‌ನಲ್ಲಿ ಮುಳುಗಿರದ್ದು) ಆಗಿದ್ದರೆ ಸರದಿಗೆ ಕಾಯುವ ಸಾಲಿನಲ್ಲಿ ಇಂಚಿಂಚು ಮುಂದೆ ಹೋಗುವುದೇ ಅದಕ್ಕೆ ಶಿಕ್ಷೆ. ಮುಂದಿನ ಕಾರು ಪೂರ್ತಿ ಹೋಗಲಿ, ಆಮೇಲೆ ಒಂದೇ ಸಲಕ್ಕೆ ಹೋಗು.

ಬಿಸಿ ವಿಷಯ ಅಂದೆನಲ್ಲ. ನಮ್ಮ ಬಿಸಿಲು ನಿನಗೇನು ಹೇಳೋದು. ಏಪ್ರಿಲ್‌ನಲ್ಲಿ 42 ಡಿಗ್ರಿ ಇರುವಾಗ ಗೇರ್‌ಬಾಕ್ಸ್ ಆಯಿಲ್ ತಣ್ಣಗಾಗುವುದಾದರೂ ಹೇಗೆ? ಬೆಳಗ್ಗೆ ಆರಕ್ಕೆ ಶುರು ಮಾಡಿ ಒಂಬತ್ತಕ್ಕೆ ಮುಗಿಸು. ಎರಡು ರೌಂಡ್ ಓಡಿಸು, ಹತ್ತು ನಿಮಿಷ ಬಿಡು. ವಾರ್ನಿಂಗ್ ಲೈಟ್ ಬಂದರೆ ಅವತ್ತಿಗೆ ಮುಗಿಯಿತು. ಕಾರು ಕೊಟ್ಟವರು ಗೇರ್ ಆಯಿಲ್ ಬದಲಿಸಲೇ ಬೇಕಿಲ್ಲ ಅಂದಿದ್ದರೂ, ಈ ಥರ ಓಡಿಸುವ ಕಾರಿಗೆ ಬದಲಿಸಬೇಕು. ಅದೇ ಕಂಪನಿಯ, ಅದೇ ನಂಬರಿನ ಆಯಿಲ್ ಹಾಕಿಸು.

ಟ್ರ್ಯಾಕಿಗೆ ಹೋಗುವುದು ಆಮೇಲಿನ ಮಾತು. ಚೆನ್ನೈ ಹತ್ತಿರ ಇರುಂಗಾಟ್ಟುಕೋಟ್ಟೈನಲ್ಲಿರುವುದು 3.7 ಕಿಲೋಮೀಟರ್, 12 ತಿರುವು. ಬಳ್ಳಾರಿಯಿಂದ ಸುಮಾರು 500 ಕಿಲೋಮೀಟರ್. ಕೊಯಮತ್ತೂರಿನ ಕರಿ ಸ್ಪೀಡ್‌ವೇ ಚಿಕ್ಕದು, 2 ಕಿಲೋಮೀಟರ್ ಆಸುಪಾಸು. ಅಲ್ಲಿ ಗೇರ್‌ಬಾಕ್ಸಿಗಿಂತ ಮೊದಲು ಕೈ ಕೊಡುವುದು ಬ್ರೇಕು. ಬಹುಪಾಲು ಆಟೋಮ್ಯಾಟಿಕ್ ಕಾರುಗಳಲ್ಲಿ ಎಂಜಿನ್ ಬ್ರೇಕಿಂಗ್ (ಕಾಲು ತೆಗೆದಾಗ ಎಂಜಿನ್ನೇ ಕಾರನ್ನು ತಡೆಯುವುದು) ಕಡಿಮೆ, ಭಾರ ಸ್ವಲ್ಪ ಜಾಸ್ತಿ, ಎಲ್ಲಾ ಹೊರೆ ಬ್ರೇಕ್ ಪ್ಯಾಡ್ ಮೇಲೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ತೇವ ಸೇರಿದ ಮೇಲೆ ಅದರ ಮಿತಿ 155ಕ್ಕೆ ಇಳಿಯುತ್ತದೆ. ಕುದಿಯಿತು ಅಂದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಅಲಾಯ್ ವ್ಹೀಲು, ಸೌಂಡ್ ಪೈಪು ಅಂತ ದುಡ್ಡು ಸುರಿಯುವ ಬದಲು ಹೊಸ ಬ್ರೇಕ್ ಆಯಿಲ್, ಒಳ್ಳೇ ಪ್ಯಾಡ್ ಹಾಕಿಸು. ಕೊನೆಯ ಲ್ಯಾಪ್ ಬ್ರೇಕ್ ಮುಟ್ಟದೆ ನಿಧಾನಕ್ಕೆ ಬಾ. ಬಂದು ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡ, ಕಾದ ಪ್ಯಾಡು ಡಿಸ್ಕಿಗೆ ಅಂಟುತ್ತದೆ. ಲಿವರನ್ನು ಪಿಗೆ (ಪಾರ್ಕ್) ಹಾಕಿ ಗಾಲಿಗೆ ಒಂದು ಕಲ್ಲು ಕೊಡು.

ಇನ್ಶೂರೆನ್ಸ್ ಪಾಲಿಸಿ ತೆಗೆದು ಓದು. ರೇಸು, ಸ್ಪೀಡ್ ಟೆಸ್ಟಿಂಗ್ ಇವಕ್ಕೆ ಅನ್ವಯಿಸುವುದಿಲ್ಲ ಅಂತ ಬರೆದೇ ಇರುತ್ತದೆ. ಡೆಂಟ್ ಆದರೆ ನಿನ್ನ ಜೇಬು. ತಂಗಿ ಮದುವೆ ಸಾಲ ತೀರುವವರೆಗೆ ಟ್ರ್ಯಾಕ್ ಬೇಡ ಅಂತ ನಿಮ್ಮ ಮನೆಯವರು ಅಂದರೆ ನಾನು ಅವರ ಕಡೆಗೇ. ಬಕೆಟ್ ಆಟಕ್ಕೆ ಮಾತ್ರ ಯಾರ ಅಡ್ಡಿಯೂ ಬರಲ್ಲ.

ಹೊರಡುವ ಮೊದಲು ಡಿಕ್ಕಿ ಖಾಲಿ ಮಾಡು, ಡ್ರೈವರ್ ಕಡೆಯ ಮ್ಯಾಟ್ ತೆಗೆ, ನೀರಿನ ಬಾಟಲಿ ಒಂದೂ ಕಾರಿನಲ್ಲಿ ಇರಬಾರದು. ಅದು ಉರುಳಿ ಬ್ರೇಕ್ ಪೆಡಲ್ ಕೆಳಗೆ ಹೋದರೆ ಮುಗಿಯಿತು. ಡ್ಯಾಶ್‌ಬೋರ್ಡ್ ಮೇಲಿನ ದುರ್ಗಮ್ಮನನ್ನು ಮನೆಯಲ್ಲೇ ಬಿಟ್ಟು ಬಾ, ಮೊದಲ ತಿರುವಿನಲ್ಲೇ ತಾಯಿ ನಿನ್ನ ಮಡಿಲಿಗೆ ಬರುತ್ತಾಳೆ. ಚಪ್ಪಲಿ ಬೇಡ, ತೆಳು ಅಟ್ಟೆಯ ಶೂ ಹಾಕು. ಟೈರಿನ ಗಾಳಿಯನ್ನು ಕಾರು ತಣ್ಣಗಿದ್ದಾಗ ನೋಡಿ ಬರೆದಿಟ್ಟುಕೋ, ನಾಲ್ಕು ರೌಂಡ್ ಆದ ಮೇಲೆ ಮತ್ತೆ ನೋಡು. ಟೈರಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದರೆ, ತಿರುವಿನಲ್ಲಿ ಟೈರ್ ಎಷ್ಟು ಮಗ್ಗುಲಾಗುತ್ತಿದೆ ಅಂತ ಅಳಿಸಿದ ಗೆರೆಯೇ ಹೇಳುತ್ತದೆ.

ಇಲ್ಲಿ ನನಗೆ ಗುರುತಿನ ಜಿನ್ನಿಂಗ್ ಮಿಲ್ ಸಾಹುಕಾರರ ಹತ್ತಿರ ಮಾತಾಡಿದ್ದೇನೆ, ಹೂಂ ಅಂದಿದ್ದಾರೆ. ಶನಿವಾರ ರಾತ್ರಿನೇ ಬಂದುಬಿಡು, ಬೆಳಗ್ಗೆ ರಾಯಚೂರಿನಿಂದ ಹೊರಟರೆ ಬಿಸಿಲೇರಿರುತ್ತದೆ. ಹೆಲ್ಮೆಟ್ ನಿನ್ನದೇ ತಾ, ಪೂರ್ತಿ ಮುಖ ಮುಚ್ಚುವಂಥದ್ದು. ಕಾರಿನ ಮಾಡೆಲ್ ಯಾವುದು ಅಂತ ಇವತ್ತೇ ಕಳಿಸು, ಅದರ ಮ್ಯಾನುಯಲ್ ಮೋಡ್ ಹೇಗೆ ಅಂತ ನೋಡಿಟ್ಟಿರುತ್ತೇನೆ. ಬಕೆಟ್ ನಮ್ಮ ಮನೆಯಲ್ಲಿವೆ. ಒಡೆದರೆ ನಮ್ಮ ಅವ್ವನಿಗೆ ಉತ್ತರ ನೀನೇ ಹೇಳಬೇಕು.

ಇಂತಿ ನಿನ್ನ,
ಮಂಜ